ದಾಮೋದರನ ವಾತ್ಸಲ್ಯವೂ ನಮ್ಮ ನಡತೆಯೂ

ಕಾರ್ತಿಕ ಮಾಸವು ಬಂದಿತೆಂದರೆ ನಮ್ಮ ಮನೆಗಳ ತುಳಸೀ ಬೃಂದಾವನದ ಮುಂದೆ ಸಂಜೆಯ ಹಣತೆಗಳು ಬೆಳಗುತ್ತವೆ. ಇನ್ನೂ ಕತ್ತಲಿರುವಾಗಲೇ ದೇವಾಲಯಗಳಲ್ಲಿ ಜಾಗರಪೂಜೆಯ ಗಂಟೆ ಕೇಳಿಬರುತ್ತದೆ. ಚಾತುರ್ಮಾಸ್ಯದ ಕೊನೆಯದಾದ ದ್ವಿದಳ ವ್ರತವು ಸಮಾಪ್ತಿಗೊಂಡು ಉತ್ಥಾನ ದ್ವಾದಶಿಯಂದು ತುಳಸೀಪೂಜೆ ನಡೆಯುವುದೂ ಈ ಮಾಸದಲ್ಲಿಯೇ. ಹನ್ನೆರಡು ಮಾಸಗಳಿಗೆ ಕೇಶವಾದಿ ಹನ್ನೆರಡು ಭಗವದ್ರೂಪಗಳು ನಿಯಾಮಕವಾಗಿದ್ದು, ಕಾರ್ತಿಕಕ್ಕೆ ದಾಮೋದರನು ನಿಯಾಮಕನೆಂಬುದು ಸಂಕಲ್ಪ ಮಾಡುವ ಪ್ರತಿಯೊಬ್ಬ ಗೃಹಸ್ಥನೂ ಬಲ್ಲ ವಿಷಯ. ದಾಮ ಎಂದರೆ ಹಗ್ಗ. ಉದರದಲ್ಲಿ ಹಗ್ಗವುಳ್ಳವನು ದಾಮೋದರ. ಬ್ರಹ್ಮಾಂಡವನ್ನೇ ತನ್ನ ಉದರದಲ್ಲಿ ಧರಿಸಿರುವವನ ನಡುವಿಗೆ ಒಬ್ಬ ಗೊಲ್ಲತಿಯ ಹಗ್ಗವು ಬಿದ್ದುದು ಹೇಗೆ? ದಿನವೂ ಈ ಹೆಸರನ್ನು ಉಚ್ಚರಿಸುವ ನಾವು ಈ ಪ್ರಶ್ನೆಯ ಮುಂದೆ ನಿಲ್ಲುವುದು ಅಪರೂಪ.

ಕೆಲವು ವರ್ಷಗಳ ಹಿಂದೆ ಇದೇ ಮಾಸದಲ್ಲಿ ಪ್ರವಚನವೊಂದು ಮುಗಿದ ಬಳಿಕ ವಯೋವೃದ್ಧರಾದ ಗೃಹಸ್ಥರೊಬ್ಬರು ಎದ್ದು ನಿಂತು ಕೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. “ಭಗವಂತನು ಪೂರ್ಣನು, ಅವನಿಗೆ ಯಾವುದರ ಕೊರತೆಯೂ ಇಲ್ಲ ಎನ್ನುತ್ತೀರಿ. ಅವನು ಭಕ್ತವತ್ಸಲನು ಎಂದೂ ಹೇಳುತ್ತೀರಿ. ನಾವು ಲೋಕದಲ್ಲಿ ಕಂಡ ಪ್ರೀತಿಯೆಲ್ಲ ಏನೋ ಒಂದು ಬೇಕೆಂಬುದರಿಂದ ಹುಟ್ಟಿದ್ದು. ಏನೂ ಬೇಡದವನಿಗೆ ಪ್ರೀತಿಯಾದರೂ ಏಕೆ?” ಪ್ರವಚನಕಾರರು ಯಥೋಚಿತವಾಗಿ ಸಮಾಧಾನ ಹೇಳಿದರು. ಸಭೆಯೂ ಮಂಗಳಾರತಿಗೆ ಎದ್ದಿತು. ಆದರೆ ಆ ಪ್ರಶ್ನೆ ಶಾಸ್ತ್ರದ ಪ್ರಶ್ನೆಯಷ್ಟೇ ಆಗಿರಲಿಲ್ಲವೆಂದು ನಮಗೆ ತೋರಿತು. ಲೋಕದಲ್ಲಿ ಬಹುಕಾಲ ಬಾಳಿ, ಕೊಟ್ಟು ತೆಗೆದುಕೊಂಡು, ಲೆಕ್ಕವು ಸರಿಹೋಗದೆ ನೊಂದವರೊಬ್ಬರ ಪ್ರಶ್ನೆ ಅದು. ಹಿರಿಯರಿಂದ ಕೇಳಿದ್ದನ್ನೂ ನಮ್ಮ ಬಾಳಿನಲ್ಲಿ ಕಂಡಿದ್ದನ್ನೂ ಸೇರಿಸಿ ಅದರ ವಿಚಾರವನ್ನು ಸಜ್ಜನರ ಮುಂದಿಡುತ್ತಿದ್ದೇವೆ.

ಶ್ರೀಮದ್ಭಾಗವತದ ದಶಮಸ್ಕಂಧದ ಪ್ರಸಂಗವನ್ನು ಮೊದಲು ಸ್ಮರಿಸೋಣ. ಗೋಕುಲದಲ್ಲಿ ಒಂದು ಬೆಳಗ್ಗೆ ದಾಸಿಯರು ಬೇರೆ ಕೆಲಸಗಳಲ್ಲಿ ತೊಡಗಿದ್ದುದರಿಂದ ಯಶೋದೆ ತಾನೇ ಮೊಸರು ಕಡೆಯುತ್ತಿದ್ದಳು. ಬಾಲಕೃಷ್ಣನು ಬಂದು ಕಡೆಗೋಲನ್ನು ಹಿಡಿದು ನಿಲ್ಲಿಸಿದನು. ಅವಳು ಮಗನನ್ನು ತೊಡೆಗೆ ಎತ್ತಿಕೊಂಡು ಹಾಲೂಡಿಸುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿತು. ಮಗನನ್ನು ಅಲ್ಲಿಯೇ ಬಿಟ್ಟು ಅವಳು ಒಲೆಯ ಕಡೆಗೆ ಓಡಿದಳು. ಇತ್ತ ಕೃಷ್ಣನು ಮೊಸರಿನ ಗಡಿಗೆಯನ್ನು ಒಡೆದು, ಬೋರಲು ಹಾಕಿದ ಒರಳಿನ ಮೇಲೆ ಹತ್ತಿ, ಬೆಣ್ಣೆಯನ್ನು ಕೋತಿಗಳಿಗೆ ಹಂಚತೊಡಗಿದನು. ತಾಯಿ ಕೋಲು ಹಿಡಿದು ಬೆನ್ನಟ್ಟಿದಳು. ಕೊನೆಗೆ ಹಿಡಿದಾಗ ಮಗನು ಹೆದರಿದಂತೆ ತೋರಿದ್ದನ್ನು ಕಂಡು ಕೋಲನ್ನು ಎಸೆದಳು. ಹೊಡೆಯುವ ಬದಲು ಒರಳಿಗೆ ಕಟ್ಟಿಹಾಕೋಣವೆಂದು ಹಗ್ಗ ತಂದಳು. ಹಗ್ಗವು ಎರಡು ಅಂಗುಲ ಕಡಿಮೆಯಾಯಿತು. ಇನ್ನೊಂದು ಹಗ್ಗವನ್ನು ಜೋಡಿಸಿದಳು. ಆಗಲೂ ಎರಡು ಅಂಗುಲ ಕಡಿಮೆ. ಮನೆಯಲ್ಲಿದ್ದ ಹಗ್ಗಗಳೆಲ್ಲ ಮುಗಿದರೂ ಆ ಎರಡು ಅಂಗುಲದ ಅಂತರವು ತುಂಬಲಿಲ್ಲ. ಯಶೋದೆಯ ಮೈ ಬೆವರಿತು, ಮುಡಿಯ ಹೂವು ಉದುರಿತು. ತಾಯಿಯ ಆಯಾಸವನ್ನು ನೋಡಿ ಭಗವಂತನು ಕೃಪೆಯಿಂದ ತಾನಾಗಿಯೇ ಕಟ್ಟಿಗೆ ಒಳಗಾದನು.

ಎರಡು ಅಂಗುಲದಲ್ಲಿ ಒಂದು ಜೀವನ ಪ್ರಯತ್ನ, ಇನ್ನೊಂದು ಭಗವಂತನ ಪ್ರಸಾದ ಎಂದು ಹಿರಿಯರು ಅರ್ಥ ಹೇಳುವುದುಂಟು. ಆದರೆ ನಾವು ಇಲ್ಲಿ ಗಮನಿಸಬೇಕಾದುದು ಕಟ್ಟಿಸಿಕೊಂಡವನ ಸ್ಥಿತಿಯನ್ನು. ಮಾಧ್ವಸಿದ್ಧಾಂತದಲ್ಲಿ ತತ್ತ್ವವು ಎರಡೇ ಬಗೆ: ಸ್ವತಂತ್ರ ಮತ್ತು ಪರತಂತ್ರ. ಶ್ರೀಹರಿಯೊಬ್ಬನೇ ಸ್ವತಂತ್ರನು, ಶ್ರೀಮಹಾಲಕ್ಷ್ಮಿಯಿಂದ ಹಿಡಿದು ಹುಲ್ಲುಕಡ್ಡಿಯವರೆಗೆ ಉಳಿದುದೆಲ್ಲವೂ ಅವನ ಅಧೀನ. ಅಂತಹ ಸ್ವತಂತ್ರನಿಗೆ ಹಗ್ಗದಿಂದ ಪಾರತಂತ್ರ್ಯವು ಬಂದಿತೆಂದು ತಿಳಿದರೆ ಅದು ಅಪಸಿದ್ಧಾಂತವಾದೀತು. ಹಗ್ಗಕ್ಕೆ ಅವನನ್ನು ಕಟ್ಟುವ ಶಕ್ತಿಯಿರಲಿಲ್ಲವೆಂಬುದನ್ನು ಎರಡು ಅಂಗುಲದ ಕೊರತೆಯೇ ಸಾರಿತು. ಕಟ್ಟಿಸಿಕೊಂಡುದು ಅವನ ಇಚ್ಛೆ. ಆ ಇಚ್ಛೆಗೆ ಕಾರಣ ಬೆವರಿದ ತಾಯಿಯ ಮೇಲಿನ ವಾತ್ಸಲ್ಯ.

ಇನ್ನು ಗೃಹಸ್ಥರ ಪ್ರಶ್ನೆಯನ್ನು ನೋಡೋಣ. ಪ್ರೀತಿಯು ಕೊರತೆಯಿಂದ ಹುಟ್ಟುತ್ತದೆಯೆಂಬುದು ನಮ್ಮ ಅನುಭವ. ಹಸಿದವನು ಅನ್ನವನ್ನು ಪ್ರೀತಿಸುತ್ತಾನೆ, ಒಂಟಿಯಾದವನು ಜೊತೆಯನ್ನು, ವೃದ್ಧನು ಆಸರೆಯನ್ನು. ಆದರೆ ಕೊರತೆಯಿಂದ ಹುಟ್ಟಿದ ಪ್ರೀತಿಗೆ ಒಂದು ದೋಷವುಂಟು. ಕೊರತೆಯು ತುಂಬಿದೊಡನೆ ಅದು ಸಡಿಲವಾಗುತ್ತದೆ, ತುಂಬದಿದ್ದರೆ ಕೋಪವಾಗುತ್ತದೆ. ಆದುದರಿಂದ ಅದು ಸ್ಥಿರವಾಗಿ ನಿಲ್ಲಲಾರದು. ಯಾವನಿಗೆ ನಮ್ಮಿಂದ ಆಗಬೇಕಾದುದು ಏನೂ ಇಲ್ಲವೋ ಅವನ ಪ್ರೀತಿ ಮಾತ್ರ ನಮ್ಮ ಯೋಗಕ್ಷೇಮಕ್ಕಾಗಿಯೇ ಇರಲು ಸಾಧ್ಯ. ಪೂರ್ಣನಿಗೆ ಪ್ರೀತಿಯೇಕೆ ಎಂದು ಕೇಳುವ ಬದಲು ಅಪೂರ್ಣನಿಗೆ ನಿಜವಾದ ಪ್ರೀತಿ ಸಾಧ್ಯವೇ ಎಂದು ಕೇಳುವುದು ಉಚಿತವಾದೀತು. ಸೃಷ್ಟಿಯಿಂದ ಭಗವಂತನಿಗೆ ಯಾವ ಪ್ರಯೋಜನವೂ ಇಲ್ಲ, ಅದು ಆನಂದಪೂರ್ಣನ ಲೀಲೆ ಎಂದು ಬ್ರಹ್ಮಸೂತ್ರವು ನಿರ್ಣಯಿಸಿರುವುದರ ಒಳಗೇ ಈ ಸಮಾಧಾನವೂ ಅಡಗಿದೆ. ತನಗೆ ಪ್ರಯೋಜನವಿಲ್ಲದೆ ಅನಾದಿಕಾಲದಿಂದ ಇಷ್ಟು ಜೀವರ ಭಾರವನ್ನು ಹೊತ್ತವನನ್ನು ವತ್ಸಲನೆನ್ನದೆ ಬೇರೇನೆನ್ನಬೇಕು?

ಈ ವಾತ್ಸಲ್ಯವು ಎಷ್ಟು ಅಚಲವೆಂಬುದನ್ನು ಸಿದ್ಧಾಂತವು ಮೂರು ಪದಗಳಲ್ಲಿ ತಿಳಿಸುತ್ತದೆ. ಸತ್ತಾ, ಪ್ರತೀತಿ, ಪ್ರವೃತ್ತಿ, ಅಂದರೆ ಇರುವಿಕೆ, ಅರಿವು, ಕ್ರಿಯೆ. ಈ ಮೂರೂ ಜೀವನಿಗೆ ಪ್ರತಿಕ್ಷಣವೂ ಭಗವಂತನಿಂದಲೇ ಬರಬೇಕು. ನಾವು ನಿದ್ರಿಸುವಾಗಲೂ ಆತನು ಕೊಡುತ್ತಾನೆ, ಆತನನ್ನು ಮರೆತಾಗಲೂ ಕೊಡುತ್ತಾನೆ. ದೇವರಿಲ್ಲವೆಂದು ವಾದಿಸುವವನ ನಾಲಿಗೆಗೂ ಆ ಮಾತನ್ನಾಡುವ ಶಕ್ತಿಯನ್ನು ಆತನೇ ಕೊಡಬೇಕು. ಕರ್ಮಕ್ಕೆ ತಕ್ಕ ಫಲವನ್ನು ಕೊಡುವಾಗ ಪಕ್ಷಪಾತವಾಗಲಿ ನಿರ್ದಯೆಯಾಗಲಿ ಆತನಿಗಿಲ್ಲವೆಂದು ಸೂತ್ರಕಾರರು ಸಾಧಿಸಿದ್ದಾರೆ. ಸುಖವನ್ನುಣಿಸುವಾಗಲೂ ದುಃಖವನ್ನುಣಿಸುವಾಗಲೂ ಜೀವನ ಹೃದಯದಲ್ಲಿಯೇ ಬಿಂಬರೂಪದಿಂದ ನಿಂತಿರುತ್ತಾನೆ. ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ದೃಷ್ಟಾಂತವನ್ನು ಉಪನಿಷತ್ತಿನಲ್ಲಿ ಕೇಳಿದ್ದೇವಲ್ಲವೇ? ಒಂದು ಹಣ್ಣು ತಿನ್ನುತ್ತದೆ; ಇನ್ನೊಂದು ಅದರ ಸಖನಾಗಿ ಜೊತೆಗಿರುತ್ತದೆ. ಮರವು ಬದಲಾಗಿ ಹೊಸ ದೇಹವು ಬಂದಾಗಲೂ ಆ ಸಖನು ಜೊತೆ ಬಿಡುವುದಿಲ್ಲ.

ದಾಮೋದರನ ಕಥೆ ಕಟ್ಟಿಸಿಕೊಂಡಲ್ಲಿಗೆ ಮುಗಿಯುವುದಿಲ್ಲ. ತಾಯಿಯು ಮನೆಗೆಲಸಕ್ಕೆ ಹೋದ ಮೇಲೆ ಕೃಷ್ಣನು ಒರಳನ್ನು ಎಳೆದುಕೊಂಡೇ ಅಂಗಳದಲ್ಲಿದ್ದ ಎರಡು ಮತ್ತಿಯ ಮರಗಳ ನಡುವೆ ಹಾದನು. ಒರಳು ಅಡ್ಡಸಿಕ್ಕಿತು, ಎಳೆದಾಗ ಮರಗಳು ಬುಡಸಹಿತ ಉರುಳಿದವು. ಕುಬೇರನ ಮಕ್ಕಳಾದ ನಲಕೂಬರ ಮಣಿಗ್ರೀವರು ನಾರದರ ಶಾಪದಿಂದ ಮರಗಳಾಗಿ ನಿಂತಿದ್ದವರು ಅಂದು ಬಿಡುಗಡೆ ಹೊಂದಿದರು. ಮುಕುಂದನು ಬೇರೊಂದು ಆಯುಧವನ್ನು ತೆಗೆದುಕೊಳ್ಳಲಿಲ್ಲ. ತನ್ನನ್ನು ಕಟ್ಟಿದ ಹಗ್ಗ ಒರಳುಗಳಿಂದಲೇ ಇತರರ ಕಟ್ಟನ್ನು ಬಿಚ್ಚಿದನು. ವಾತ್ಸಲ್ಯದಿಂದ ಒಪ್ಪಿಕೊಂಡ ಬಂಧನವು ಇನ್ನೊಬ್ಬರ ಬಿಡುಗಡೆಗೆ ಸಾಧನವಾಗುತ್ತದೆಯೆಂಬುದೇ ಈ ಲೀಲೆಯಿಂದ ನಾವು ಕಲಿಯತಕ್ಕ ಪಾಠವೆಂದು ನಮ್ಮ ಭಾವನೆ. ಉಡುಪಿಯಲ್ಲಿ ಶ್ರೀಮದಾಚಾರ್ಯರು ಪ್ರತಿಷ್ಠಾಪಿಸಿದ ಬಾಲಕೃಷ್ಣನ ಕೈಗಳಲ್ಲಿ ಕಡೆಗೋಲೂ ನೇಣೂ ಇವೆ. ಕಿಟಕಿಯ ಒಂಬತ್ತು ರಂಧ್ರಗಳ ಮೂಲಕ ದರ್ಶನ ಪಡೆಯುವಾಗ ಕಿರೀಟವನ್ನೂ ಆಭರಣಗಳನ್ನೂ ನೋಡಿ ಬರುವ ನಾವು ಆ ನೇಣಿನ ಮೇಲೂ ಒಂದು ಕ್ಷಣ ದೃಷ್ಟಿಯಿಡಬೇಕು.

ಜೀವನು ಭಗವಂತನ ಪ್ರತಿಬಿಂಬನೆಂದು ಆಚಾರ್ಯರ ಸಿದ್ಧಾಂತ. ಪ್ರತಿಬಿಂಬವೆಂದರೆ ಕನ್ನಡಿಯೊಳಗಿನ ಸುಳ್ಳು ಛಾಯೆಯೆಂದರ್ಥವಲ್ಲ. ಬಿಂಬಕ್ಕೆ ಅಧೀನವಾಗಿ, ಅತ್ಯಲ್ಪ ಪ್ರಮಾಣದಲ್ಲಿ ಬಿಂಬವನ್ನು ಹೋಲುವಂಥದು ಪ್ರತಿಬಿಂಬ. ಬಿಂಬನು ಏನನ್ನೂ ಬಯಸದೆ ಕೊಡುವವನಾದರೆ ಪ್ರತಿಬಿಂಬನಾದವನು ಕೊಡುವಾಗಲೆಲ್ಲ ಲೆಕ್ಕವಿಡುವುದು ತನ್ನ ಸ್ವರೂಪಕ್ಕೇ ವಿರುದ್ಧವಾದ ನಡತೆಯಾಗುತ್ತದೆ.

ಇಲ್ಲಿ ಆಕ್ಷೇಪವೊಂದು ಬರುತ್ತದೆ. ನಮ್ಮ ಮತವು ಪಂಚಭೇದವನ್ನೂ ತಾರತಮ್ಯವನ್ನೂ ಒಪ್ಪಿದ ಮತ. ಜೀವರಲ್ಲಿ ಉತ್ತಮ, ಮಧ್ಯಮ, ಅಧಮ ಎಂಬ ಭೇದವುಂಟು. ಹೀಗಿರುವಾಗ ಎಲ್ಲರಲ್ಲಿಯೂ ಪ್ರೀತಿಯಿಡಬೇಕೆಂಬುದು ಹೇಗೆ ಹೊಂದುತ್ತದೆ? ಈ ಆಕ್ಷೇಪವನ್ನು ಮುಂದಿಟ್ಟು ನಮ್ಮ ಕಾಠಿಣ್ಯಕ್ಕೆ ಶಾಸ್ತ್ರದ ಬೆಂಬಲವನ್ನು ಪಡೆಯುವುದು ನಮ್ಮಲ್ಲಿ ಇಲ್ಲದಿಲ್ಲವಾದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕಾಗಿದೆ.

ತಾರತಮ್ಯವು ಸತ್ಯ. ಆದರೆ ನಮ್ಮ ಎದುರಿಗೆ ನಿಂತ ಈ ಮನುಷ್ಯನ ಸ್ವರೂಪಯೋಗ್ಯತೆ ಎಷ್ಟೆಂಬುದನ್ನು ಬಲ್ಲವರಾರು? ಅನಾದಿಯಿಂದ ಅವನೊಡನಿರುವ ಬಿಂಬನೊಬ್ಬನೇ ಅದನ್ನು ಪೂರ್ಣವಾಗಿ ಬಲ್ಲನು. ಅವನ ಬಟ್ಟೆಯನ್ನು, ಭಾಷೆಯನ್ನು, ಹುಟ್ಟಿದ ಕುಲವನ್ನು ನೋಡಿ ಅಳೆಯುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ತಾರತಮ್ಯಜ್ಞಾನವನ್ನು ಶಾಸ್ತ್ರವು ಉಪದೇಶಿಸಿರುವುದು ನಾವು ದೇವತೆಗಳಿಗೂ ಗುರುಗಳಿಗೂ ಎಷ್ಟು ಕೆಳಗಿದ್ದೇವೆಂಬುದನ್ನು ತಿಳಿದು ಬಾಗುವುದಕ್ಕಾಗಿ. ಮೇಲಕ್ಕೆ ನೋಡಲು ಕೊಟ್ಟ ಕಣ್ಣನ್ನು ನಾವು ಕೆಳಕ್ಕೆ ನೋಡಲು ಉಪಯೋಗಿಸಿದರೆ ದೋಷವು ಶಾಸ್ತ್ರದ್ದಾಗಲಾರದು. ಇನ್ನೊಂದು ಮಾತು. ಭಗವಂತನ ರೂಪಗಳಲ್ಲಿ ಹೆಚ್ಚು ಕಡಿಮೆಯೆಂಬ ಭೇದವನ್ನು ಎಣಿಸಬಾರದೆಂಬುದೂ ನಮ್ಮ ಸಿದ್ಧಾಂತವೇ. ಬ್ರಹ್ಮದೇವರ ಹೃದಯದಲ್ಲಿರುವ ಬಿಂಬನೂ ಬೀದಿಯಲ್ಲಿ ಹಸಿದು ಕುಳಿತವನ ಹೃದಯದಲ್ಲಿರುವ ಬಿಂಬನೂ ಸಮಾನವಾಗಿ ಗುಣಪೂರ್ಣರು. ಅಂದಮೇಲೆ ನಮ್ಮ ಎದುರಿಗೆ ನಿಂತವನಲ್ಲಿ ಇಬ್ಬರಿದ್ದಾರೆ: ಯೋಗ್ಯತೆ ನಮಗೆ ತಿಳಿಯದ ಒಬ್ಬ ಜೀವನು, ಪೂರ್ಣನೆಂದು ನಮಗೆ ನಿಶ್ಚಯವಾಗಿ ತಿಳಿದಿರುವ ಭಗವಂತನು. ತಿಳಿಯದುದನ್ನು ಊಹಿಸಿ ತಿರಸ್ಕರಿಸುವುದು ಸರಿಯೋ, ತಿಳಿದುದನ್ನು ನೆನೆದು ಸತ್ಕರಿಸುವುದು ಸರಿಯೋ? ರಂತಿದೇವ ಮಹಾರಾಜನು 48 ದಿನಗಳ ಉಪವಾಸದ ಬಳಿಕ ದೊರೆತ ಅನ್ನವನ್ನು ಬಂದವರಿಗೆಲ್ಲ ಕೊಟ್ಟು, ಉಳಿದ ಒಂದಿಷ್ಟು ನೀರನ್ನೂ ಬಾಯಾರಿ ಬಂದ ಪುಲ್ಕಸನಿಗೆ ಕೊಟ್ಟ ಕಥೆಯನ್ನು ಭಾಗವತವು ನಮಗಾಗಿಯೇ ಹೇಳಿದೆ.

ಈ ನಡತೆಗೆ ಜೀವರಲ್ಲಿ ಉತ್ತಮವಾದ ಮಾದರಿ ಯಾರೆಂದರೆ ಜೀವೋತ್ತಮರಾದ ಮುಖ್ಯಪ್ರಾಣದೇವರೇ. ಬೃಹದಾರಣ್ಯಕ ಛಾಂದೋಗ್ಯಗಳಲ್ಲಿ ಬರುವ ಪ್ರಸಂಗವಿದು. ದೇವತೆಗಳಿಗೂ ಅಸುರರಿಗೂ ಸ್ಪರ್ಧೆ ನಡೆದಾಗ ದೇವತೆಗಳು ಉದ್ಗೀಥಗಾನದಿಂದ ಜಯಿಸಲು ನಿಶ್ಚಯಿಸಿದರು. ಮೊದಲು ವಾಕ್ಕು ಹಾಡಿತು. ಎಲ್ಲರಿಗೂ ಆಗುವ ಭೋಗವನ್ನು ದೇವತೆಗಳಿಗೆ ಕೊಟ್ಟರೂ ಇಂಪಾದ ಮಾತನ್ನು ತನಗೆಂದು ಇಟ್ಟುಕೊಂಡಿತು. ಆ ಸಂದಿನಿಂದಲೇ ಅಸುರರು ಒಳನುಗ್ಗಿ ಪಾಪದಿಂದ ಅದನ್ನು ಹೊಡೆದರು. ಮೂಗು, ಕಣ್ಣು, ಕಿವಿ, ಮನಸ್ಸು ಒಂದೊಂದೂ ಹಾಡಿದವು. ಒಂದೊಂದೂ ಒಳ್ಳೆಯದನ್ನು ತನಗೆಂದು ಇಟ್ಟುಕೊಂಡು ಪೆಟ್ಟು ತಿಂದವು. ಕೊನೆಗೆ ಮುಖ್ಯಪ್ರಾಣರು ಹಾಡಿದರು. ಅಸುರರು ಅವರ ಮೇಲೂ ಎರಗಿದರು. ಕಲ್ಲಿಗೆ ಅಪ್ಪಳಿಸಿದ ಮಣ್ಣುಹೆಂಟೆ ಪುಡಿಯಾಗುವಂತೆ ಅಸುರರೇ ಪುಡಿಯಾದರು. ಪ್ರಾಣನು ಉಂಡದ್ದರಿಂದ ಇತರ ಇಂದ್ರಿಯಗಳೆಲ್ಲ ಪೋಷಣೆಗೊಳ್ಳುತ್ತವೆಯೆಂದೂ ಅಲ್ಲಿಯೇ ಹೇಳಿದೆ. ಕಣ್ಣು ಮುಚ್ಚುತ್ತದೆ, ನಾಲಿಗೆ ಸುಮ್ಮನಾಗುತ್ತದೆ, ಮನಸ್ಸು ಸುಷುಪ್ತಿಯಲ್ಲಿ ಲಯವಾಗುತ್ತದೆ. ಆದರೆ ದಿನಕ್ಕೆ 21,600 ಶ್ವಾಸಗಳ ಹಂಸಜಪವನ್ನು ವಾಯುದೇವರು ಪ್ರತಿಯೊಂದು ದೇಹದಲ್ಲಿಯೂ ಬಿಡುವಿಲ್ಲದೆ ನಡೆಸುತ್ತಿದ್ದಾರೆ. ಸಜ್ಜನನೋ ದುರ್ಜನನೋ ಎಂದು ನೋಡಿ ಅವರು ಶ್ವಾಸವನ್ನು ನಿಲ್ಲಿಸಿದವರಲ್ಲ. ಭಗವಂತನ ಸೇವೆಯೆಂದು ಅದನ್ನು ಮಾಡುತ್ತಿದ್ದಾರೆ. ತನಗೆಂದು ಒಂದಿಷ್ಟು ಇಟ್ಟುಕೊಂಡಲ್ಲಿಯೇ ಪಾಪಕ್ಕೆ ಬಾಗಿಲು ತೆರೆಯುತ್ತದೆಯೆಂಬ ಈ ರಹಸ್ಯವನ್ನು ನಾವು ಸಂಧ್ಯಾವಂದನೆಯ ಪ್ರಾಣಾಯಾಮದಲ್ಲಾದರೂ ನೆನೆಯಬೇಕು.

ಗೀತೆಯ ವ್ಯಾಖ್ಯಾನದಲ್ಲಿ ಶ್ರೀಮದಾಚಾರ್ಯರು ಜನಸೇವೆಯನ್ನು ರಾಜನಿಗೆ ಸಲ್ಲಿಸುವ ಕಂದಾಯಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯು ಬಹು ಮಾರ್ಮಿಕವಾದುದು. ಕಂದಾಯ ಕಟ್ಟಿದವನು ರಾಜನಿಗೆ ಉಪಕಾರ ಮಾಡಿದೆನೆಂದು ಬೀಗುವಂತಿಲ್ಲ, ಪ್ರತಿಫಲವನ್ನು ಕೇಳುವಂತೆಯೂ ಇಲ್ಲ. ರಾಜನ ನೆಲದಲ್ಲಿ ಬೆಳೆದುದರ ಒಂದು ಅಂಶವನ್ನು ಅವನಿಗೇ ಒಪ್ಪಿಸಿದಂತಾಯಿತು, ಅಷ್ಟೆ. ಕಂದಾಯಕ್ಕೆ ಬಾಕಿ ಉಳಿಯುವುದುಂಟೇ ಹೊರತು ಅದರಿಂದ ಕೀರ್ತಿ ಬರುವುದಿಲ್ಲ.

ಇದುವರೆಗೆ ಶಾಸ್ತ್ರವನ್ನು ಹೇಳಿದೆವು. ಅದನ್ನು ಪಾಠಶಾಲೆಯಲ್ಲಿ ಓದಿದ್ದೆವು, ಅಲ್ಲಲ್ಲಿ ಉಪನ್ಯಾಸವನ್ನೂ ಮಾಡಿದ್ದೆವು. ಆದರೆ ಅದು ನಮಗೆ ತಿಳಿದುದು ಬಹಳ ತಡವಾಗಿ. ಆ ಸಂಗತಿಯನ್ನು ಸಂಕೋಚದಿಂದಲೇ ನಿವೇದಿಸುತ್ತೇವೆ.

ನಮ್ಮ ತೀರ್ಥರೂಪರು ಹೊಳೆಯ ದಂಡೆಯ ಪ್ರಾಣದೇವರ ಗುಡಿಯಲ್ಲಿ ಅರ್ಚಕರಾಗಿದ್ದರು. ಗುಡಿಯ ಪೂಜೆ, ಮನೆಯ ಪೂಜೆ, ವೈಶ್ವದೇವ ಎಲ್ಲವೂ ಮುಗಿದು ಎಲೆ ಹಾಕಿದ ಮೇಲೂ ಅವರು ಊಟಕ್ಕೆ ಕೂಡುತ್ತಿರಲಿಲ್ಲ. ಹೊರಗೆ ಜಗಲಿಯ ಮೇಲೆ ಬಂದು ಬೀದಿಯ ಎರಡೂ ಕಡೆಗೆ ನೋಡುತ್ತ ನಿಲ್ಲುತ್ತಿದ್ದರು. ಗೃಹಸ್ಥನು ಉಣ್ಣುವ ಮೊದಲು ಒಂದು ಹಸುವನ್ನು ಕರೆಯುವಷ್ಟು ಹೊತ್ತು ಅತಿಥಿಗಾಗಿ ಕಾಯಬೇಕೆಂದು ಪುರಾಣದಲ್ಲಿ ಹೇಳಿದೆಯಲ್ಲವೇ? ಅದನ್ನು ಅವರು ಅಕ್ಷರಶಃ ನಡೆಸುತ್ತಿದ್ದರು. ನಮ್ಮದು ಹೆದ್ದಾರಿಯಿಂದ ದೂರದ ಊರು. ತಿಂಗಳಿಗೊಮ್ಮೆ ಯಾರಾದರೂ ಬಂದರೆ ಹೆಚ್ಚು. ಹಸಿದ ಮಕ್ಕಳಾದ ನಾವು ಒಳಗಿನಿಂದ ಗೊಣಗುತ್ತಿದ್ದೆವು. “ಯಾರೂ ಬರುವುದಿಲ್ಲವೆಂದು ತಿಳಿದಿದ್ದರೂ ಏಕೆ ನಿಲ್ಲುತ್ತೀರಿ?” ಎಂದು ಒಮ್ಮೆ ಕೇಳಿದಾಗ, “ಬರುವವರಿಗಾಗಿ ನಿಂತರೆ ಅದು ವ್ಯವಹಾರ, ನಿಲ್ಲುವುದು ನನ್ನ ಕೆಲಸ” ಎಂದಿದ್ದರು. ಅಂದು ಅದು ನಮಗೆ ಅರ್ಥವಾಗಲಿಲ್ಲ.

2017ರ ಆಷಾಢದಲ್ಲಿ ಅವರಿಗೆ ಪಾರ್ಶ್ವವಾಯುವಾಯಿತು. ಬಲಗೈಯೂ ಮಾತೂ ಹೋದವು. ನಾಲ್ಕು ವರ್ಷಗಳ ಕಾಲ ಹಾಸಿಗೆಯಲ್ಲಿದ್ದರು. ನಮ್ಮ ಒಡಹುಟ್ಟಿದವರೊಬ್ಬರು ದೂರದ ನಗರದಲ್ಲಿ ಉದ್ಯೋಗದಲ್ಲಿದ್ದರು. ಮೊದಲು ಹಣ ಕಳುಹಿಸಿದರು, ಆಮೇಲೆ ಅದು ಕಡಿಮೆಯಾಯಿತು, ಬರುವುದೂ ಕಡಿಮೆಯಾಯಿತು. ನಮ್ಮ ಮನಸ್ಸಿನಲ್ಲಿ ಒಂದು ಖಾತೆಯ ಪುಸ್ತಕವು ತೆರೆಯಿತು. ಔಷಧಿಯ ಖರ್ಚು, ಎಚ್ಚರವಿದ್ದ ರಾತ್ರಿಗಳು, ಬಿಟ್ಟುಕೊಟ್ಟ ಉಪನ್ಯಾಸಗಳು ಎಲ್ಲವನ್ನೂ ಅದರಲ್ಲಿ ಬರೆದೆವು. ಒಂದು ದಿನ ಕೋಪದಿಂದ ಆ ಲೆಕ್ಕವನ್ನೆಲ್ಲ ಪತ್ರದಲ್ಲಿ ಬರೆದು ಅವರಿಗೆ ಕಳುಹಿಸಿದೆವು. ಅಂದಿನಿಂದ ಮಾತು ನಿಂತಿತು.

ಊರಿನವರು ನಮ್ಮ ಪಿತೃಸೇವೆಯನ್ನು ಕೊಂಡಾಡುತ್ತಿದ್ದರು. ನಾವೂ ಅದನ್ನು ಕೇಳಿ ಸಂತೋಷಪಡುತ್ತಿದ್ದೆವು. ಆ ದಿನಗಳಲ್ಲಿಯೇ ಸುಮಧ್ವವಿಜಯದ ಹತ್ತನೆಯ ಸರ್ಗದ ಪಾಠವನ್ನು ಹೇಳಬೇಕಾಗಿ ಬಂದಿತು. ಆಚಾರ್ಯರು ಉತ್ತರದೇಶದ ಸಂಚಾರದಲ್ಲಿದ್ದಾಗ ಈಶ್ವರದೇವನೆಂಬ ರಾಜನು ಲೋಕೋಪಕಾರಕ್ಕಾಗಿ ಕೆರೆಯೊಂದನ್ನು ತೋಡಿಸುತ್ತಿದ್ದನು. ಆದರೆ ದಾರಿಹೋಕರನ್ನೆಲ್ಲ ಹಿಡಿದು ಬಲವಂತದಿಂದ ಅಗೆಯಿಸುತ್ತಿದ್ದನು. ಆಚಾರ್ಯರನ್ನೂ ಅಗೆಯಲು ಹೇಳಿದಾಗ, ಅಗೆಯುವ ರೀತಿಯನ್ನು ನೀನೇ ತೋರಿಸಿಕೊಡು ಎಂದರು. ತೋರಿಸಲು ತೊಡಗಿದ ರಾಜನಿಗೆ ಅಗೆಯುವುದನ್ನು ನಿಲ್ಲಿಸಲಾಗಲಿಲ್ಲ. ಆಚಾರ್ಯರು ಶಿಷ್ಯರೊಡನೆ ಮುಂದೆ ನಡೆದರು. ಈ ಪ್ರಸಂಗವನ್ನು ವಿವರಿಸಿ ಮನೆಗೆ ಬಂದ ರಾತ್ರಿ, ಹಿತ್ತಲಿನ ಬಾವಿಯ ಕಟ್ಟೆಯಲ್ಲಿ ನಮ್ಮ ಮನೆಯವರು ತಂದೆಯವರ ಹಾಸಿಗೆಯ ಬಟ್ಟೆಗಳನ್ನು ಒಗೆಯುತ್ತಿದ್ದುದನ್ನು ಕಂಡೆವು. ಎರಡು ವರ್ಷಗಳಿಂದ ಪ್ರತಿರಾತ್ರಿಯೂ ಆ ಕೆಲಸ ನಡೆದಿತ್ತು. ನಮ್ಮ ಖಾತೆಯ ಪುಸ್ತಕದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ. ಕೆರೆಯ ಕೀರ್ತಿ ನಮ್ಮದು, ಅಗೆತ ಇನ್ನೊಬ್ಬರದು. ಅಂದು ಬಟ್ಟೆಯ ಬುಟ್ಟಿಯನ್ನು ನಾವು ಕೈಗೆ ತೆಗೆದುಕೊಂಡೆವು. ಅವರು ಯಾವ ಮಾತನ್ನೂ ಆಡಲಿಲ್ಲ. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತರು.

ತಂದೆಯವರು ಮಾತು ಹೋದ ಮೇಲೆ ಒಂದು ಹಟವನ್ನು ಹಿಡಿದಿದ್ದರು. ಊಟದ ಹೊತ್ತಿಗೆ ಎಡಗೈಯಿಂದ ಬಾಗಿಲನ್ನು ತೋರಿಸುವರು, ತುತ್ತನ್ನು ಬಾಯಿಗೆ ತೆಗೆದುಕೊಳ್ಳರು. ಗಾಳಿ ಬೇಕೇನೋ ಎಂದು ಬಹುದಿನ ಬಾಗಿಲನ್ನು ತೆರೆದಿಟ್ಟೆವು, ಸಮಾಧಾನವಾಗಲಿಲ್ಲ. ಬಟ್ಟೆ ಒಗೆಯತೊಡಗಿದ ಮೇಲೆ ಒಂದು ಮಧ್ಯಾಹ್ನ ನಮಗೆ ಥಟ್ಟನೆ ಹೊಳೆಯಿತು. ಜಗಲಿಗೆ ಹೋಗಿ ಬೀದಿಯ ಎರಡೂ ಕಡೆಗೆ ನೋಡುತ್ತ ಒಂದು ಹಸುವನ್ನು ಕರೆಯುವಷ್ಟು ಹೊತ್ತು ನಿಂತು, ಒಳಗೆ ಬಂದು, “ಯಾರೂ ಇಲ್ಲ” ಎಂದು ಹೇಳಿದೆವು. ಅವರು ಬಾಯಿ ತೆರೆದರು. ತನ್ನ ದೇಹವೇ ತನ್ನ ಸ್ವಾಧೀನದಲ್ಲಿಲ್ಲದಿದ್ದಾಗಲೂ ತನಗಿಂತ ಮೊದಲು ಉಣ್ಣಬೇಕಾದವನೊಬ್ಬನಿರಬಹುದೆಂಬ ಭಾವನೆ ಅವರನ್ನು ಬಿಟ್ಟಿರಲಿಲ್ಲ. ನಾಲ್ಕು ಗೋಡೆಗಳ ನಡುವೆ ಕಟ್ಟುಬಿದ್ದವರು ನಮ್ಮ ಕಟ್ಟನ್ನು ಸ್ವಲ್ಪ ಸಡಿಲಿಸಿದರು.

ಆ ತಿಂಗಳಿನಿಂದ ನಾವು ನಮ್ಮ ಒಡಹುಟ್ಟಿದವರಿಗೆ ಪ್ರತಿ ಏಕಾದಶಿಯ ಮರುದಿನ, ದ್ವಾದಶಿಯ ಪಾರಣೆಯಾದ ಮೇಲೆ ಪತ್ರ ಬರೆಯತೊಡಗಿದೆವು. ಹಣದ ಮಾತಿಲ್ಲ, ಆಕ್ಷೇಪಣೆಯಿಲ್ಲ. ತಂದೆಯವರು ಹೇಗಿದ್ದಾರೆ, ಗುಡಿಯಲ್ಲಿ ಏನು ವಿಶೇಷ, ಹೊಳೆಗೆ ನೀರು ಎಷ್ಟು ಬಂದಿದೆ ಎಂಬಷ್ಟೇ. 2021ರಲ್ಲಿ ತಂದೆಯವರು ಹರಿಪಾದವನ್ನು ಸೇರಿದರು. ಅವರು ಬಂದು ಕರ್ಮಗಳಲ್ಲಿ ಭಾಗವಹಿಸಿ ಹೋದರು. ನಮ್ಮೊಡನೆ ಹೆಚ್ಚು ಮಾತನಾಡಲಿಲ್ಲ. ಪತ್ರಗಳಿಗೆ ಇಂದಿಗೂ ಉತ್ತರ ಬಂದಿಲ್ಲ. ನಾವು ಬರೆಯುವುದನ್ನು ನಿಲ್ಲಿಸಿಲ್ಲ. ಕೆಲವು ದ್ವಾದಶಿಗಳಲ್ಲಿ ಹಳೆಯ ಖಾತೆಯ ಪುಸ್ತಕವು ಮತ್ತೆ ತೆರೆಯಲು ಬರುತ್ತದೆಂಬುದನ್ನು ಮರೆಮಾಚುವುದಿಲ್ಲ. ಆಗ ಜಗಲಿಯ ಮೇಲೆ ನಿಂತವರನ್ನು ನೆನೆಯುತ್ತೇವೆ. ನಾವು ಭಗವಂತನನ್ನು ಮರೆತು ಕಳೆದ ವರ್ಷಗಳೆಷ್ಟು? ಆ ವರ್ಷಗಳಲ್ಲಿ ಆತನು ಒಂದು ಶ್ವಾಸವನ್ನಾದರೂ ಕಡಿಮೆ ಮಾಡಿದನೇ? ಆತನು ಕಾದಿರುವ ಕಾಲಕ್ಕೆ ಹೋಲಿಸಿದರೆ ನಾವು ಕಾಯುತ್ತಿರುವ ಕಾಲವು ಹಸು ಕರೆಯುವಷ್ಟೂ ಆಗದು.

ಪ್ರಹ್ಲಾದರಾಜರು ನರಸಿಂಹದೇವರ ಮುಂದೆ ನಿಂತು, ಒಡೆಯನಿಂದ ಪ್ರತಿಫಲವನ್ನು ಬಯಸುವವನು ಸೇವಕನಾಗಲಾರ, ಅವನು ವ್ಯಾಪಾರಿ ಎಂಬರ್ಥದ ಮಾತನ್ನಾಡಿದರು. ಆದರೂ ವರವನ್ನು ಕೇಳೆಂದಾಗ ಅವರು ಬೇಡಿದ್ದು ಮನಸ್ಸಿನಲ್ಲಿ ಬಯಕೆಯೇ ಹುಟ್ಟದಿರಲೆಂಬುದನ್ನು. ಆಮೇಲೆ, ತನ್ನನ್ನು ಕೊಲ್ಲಲು ಹವಣಿಸಿದ ತಂದೆಯ ಪಾಪವು ಕಳೆಯಲೆಂಬುದನ್ನು. ತನಗಾಗಿ ಬೇಡುವುದು ನಿಂತ ಮೇಲೆ ಬೇಡಲು ಉಳಿಯುವುದು ಇನ್ನೊಬ್ಬರ ಹಿತವೊಂದೇ. ಭಕ್ತಿಯೆಂದರೆ ಭಗವಂತನ ಮಾಹಾತ್ಮ್ಯವನ್ನರಿತು, ಎಲ್ಲಕ್ಕಿಂತ ಮಿಗಿಲಾಗಿ ಮತ್ತು ಸುದೃಢವಾಗಿ ಅವನಲ್ಲಿಟ್ಟ ಸ್ನೇಹವೆಂದು ಆಚಾರ್ಯರು ನಿರೂಪಿಸಿದ್ದಾರೆ. ಅದು ಸುದೃಢವಾಗಿದೆಯೋ ಇಲ್ಲವೋ ಎಂಬುದರ ಪರೀಕ್ಷೆ ಗರ್ಭಗುಡಿಯ ಎದುರಿಗಿಂತ ಹೆಚ್ಚಾಗಿ ಮನೆಯಲ್ಲಿಯೇ ನಡೆಯುತ್ತದೆ.

ಉಡುಪಿಯಲ್ಲಿ 2 ವರ್ಷಗಳಿಗೊಮ್ಮೆ ಪರ್ಯಾಯವು ನಡೆದಾಗ ಅಧಿಕಾರದ ಕುರುಹಾಗಿ ಮುಂದಿನ ಶ್ರೀಪಾದರ ಕೈಗೆ ಸೇರುವ ವಸ್ತುಗಳನ್ನು ನೆನೆಯಿರಿ. ಗರ್ಭಗುಡಿಯ ಕೀಲಿಕೈಗಳೊಡನೆ ಅಕ್ಷಯಪಾತ್ರೆಯೂ ಸಟ್ಟುಗವೂ ಇವೆ. ದೇವರ ಬಾಗಿಲನ್ನು ತೆರೆಯುವ ಅಧಿಕಾರವೂ ಬಡಿಸುವ ಹೊಣೆಯೂ ಒಂದೇ ಕೈಗೆ ಬರುತ್ತವೆ. ಅನ್ನಬ್ರಹ್ಮನ ಆ ಕ್ಷೇತ್ರದಲ್ಲಿ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂದು ವರ್ಷಕ್ಕೂ ಮೊದಲೇ ಸಿದ್ಧತೆ ತೊಡಗುತ್ತದೆ. ಬಾಳೆಯ ಕಂದನ್ನು ನೆಡುವವರಿಗೆ ಆ ಎಲೆಯಲ್ಲಿ ಉಣ್ಣುವವರು ಯಾರೆಂದು ಗೊತ್ತಿರುವುದಿಲ್ಲ. ನಮ್ಮ ಮನೆಗಳಲ್ಲಿಯೂ ಅಷ್ಟನ್ನು ನಡೆಸಬಹುದು. ಈ ಕಾರ್ತಿಕದಲ್ಲಿ ದೀಪವನ್ನು ಹಚ್ಚಿದ ಮೇಲೆ ಜಗಲಿಯಲ್ಲಿ, ಜಗಲಿಯಿಲ್ಲದ ಮನೆಗಳಲ್ಲಿ ಹೊಸ್ತಿಲಿನಲ್ಲಿ, ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕೀರ್ತಿಗಾಗಿ ಅಗೆಯುತ್ತಿರುವವರು ಮನೆಯೊಳಗೆ ಯಾರಾದರೂ ಇದ್ದಾರೆಯೇ ಎಂದು ನೋಡೋಣ. ಮಾತು ಬಿಟ್ಟವರೊಬ್ಬರನ್ನು ನೆನೆದು, ಲೆಕ್ಕವಿಲ್ಲದ ಒಂದು ಪತ್ರವನ್ನು ಬರೆಯೋಣ.

ಹಗ್ಗಕ್ಕೆ ನಿಲುಕದವನಾಗಿದ್ದೂ ತಾಯಿಯ ಬೆವರನ್ನು ಕಂಡು ಹಗ್ಗಕ್ಕೆ ಒಳಗಾದ ದಾಮೋದರನು, ನಮ್ಮ ಪ್ರಯತ್ನದಲ್ಲಿ ಸದಾ ಉಳಿಯುವ ಆ ಎರಡು ಅಂಗುಲದ ಕೊರತೆಯನ್ನು ತನ್ನ ಪ್ರಸಾದದಿಂದ ತುಂಬಲಿ ಎಂದು ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಆತನ ಅಡಿದಾವರೆಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಸಮರ್ಪಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥